ರೇಸ್ ಸೈಕಲ್ಲಿನಲ್ಲಿ ಕಡ್ಡಿರಾಂಪುರದವರೆಗೆ

ಮಿತ್ರರೇ, ಹೊಸಪೇಟೆಯ ಅಂಗಡಿಯಲ್ಲಿ ಇಂದು ನನ್ನ ಮುಂದೆ ಎರಡು ಸೈಕಲ್ಲುಗಳಿದ್ದವು: ಮೈ ಪೂರ್ತಿ ಬಗ್ಗಿಸಿ ಓಡಿಸುವ ರೇಸ್ ಸೈಕಲ್ಲು, ತುಸು ನೆಟ್ಟಗೆ ಕೂರಿಸುವ ಎಂಡ್ಯೂರನ್ಸ್ ಸೈಕಲ್ಲು. ಐವತ್ತೆರಡು ವರ್ಷದ ನನ್ನ ಸೊಂಟ ಎರಡನೆಯದನ್ನೇ ಬೇಡಿತು. ನಾನು ಮೊದಲನೆಯದನ್ನೇರಿ, ನೋಡಿಯೇಬಿಡೋಣವೆಂದು ಕಡ್ಡಿರಾಂಪುರದವರೆಗೆ ಹೋದೆ. ಬಾಳೆತೋಟದ ಕೆಲಸ ಮುಗಿಸಿ ಬರುತ್ತಿದ್ದ ಐವರು ಹೆಂಗಸರು ತಡೆದರು.

“ಏನ್ ಕಳಕೊಂಡೀರಿ ಅಣ್ಣಾರ? ನೆಲಾನ ನೋಡ್ಕೊಂತ ಹೊಂಟೀರಲ್ಲ!”

ಇದು ರೇಸಿನ ಭಂಗಿ ಎನ್ನಲು ನಾಚಿಕೆಯಾಗಿ, “ಕೀಲಿಕೈ” ಎಂದುಬಿಟ್ಟೆ.

“ಅಯ್ಯ ಪಾಪ! ಬರ್ರೇ, ಹುಡುಕೂನು.”

ಐವರೂ ರಸ್ತೆಬದಿಯ ಹುಲ್ಲು ಕೆದಕಿದರು. ಸೊಂಟ ಹಿಡಿದುಕೊಂಡು ನಾನೂ ಹುಡುಕಿದೆ. ಕೊನೆಗೆ ಅವರಲ್ಲೇ ಹಿರಿಯಜ್ಜಿ ಕೂಗಿದರು, “ಸಿಕ್ತು ತಗೋ ಮಗಾ! ಇನ್ನ ಉಡದಾರಕ್ಕ ಕಟ್ಕೋ.”

ಎಂಡ್ಯೂರನ್ಸ್ ಸೈಕಲ್ಲು ಮನೆಗೆ ಬಂದಿದೆ. ಕಡ್ಡಿರಾಂಪುರದ ಬಳಿ ನಿಜವಾಗಿಯೂ ಕೀಲಿಕೈ ಕಳೆದುಕೊಂಡವರು ದಯವಿಟ್ಟು ನನ್ನನ್ನು ಸಂಪರ್ಕಿಸಿ.