ಬೆಲ್ಲ ಮುಟ್ಟದ ನೆಂಟರು

ಅಕ್ಕನ ಮಗನಿಗೆ ಹುಡುಗಿ ನೋಡಲು ಅಕ್ಕನೂ ನಾನೂ ಕಾಪುವಿಗೆ ಹೋಗಿದ್ದೆವು. ಜಗಲಿಯಲ್ಲಿ ಕೂತದ್ದೇ ನೀರು, ಬೆಲ್ಲ ತಂದಿಟ್ಟರು. ನಾನು ನೀರು ಮಾತ್ರ ಕುಡಿದೆ. ನನಗೆ ಸಕ್ಕರೆ ಕಾಯಿಲೆ ಉಂಟು, ಬೆಲ್ಲವೂ ಬೇಡ ಅಂತ ಮಣಿಪಾಲದ ಡಾಕ್ಟ್ರು ಬೈದಿದ್ದರು. ಅದನ್ನು ಹೇಳಿದರೆ ಹುಡುಗನಿಗೂ ಬರುತ್ತದೆ ಅಂತ ಇವರು ಸಂಬಂಧ ಬಿಟ್ಟರೆ?

ಹುಡುಗಿಯ ಅಜ್ಜಿ ಬಿಡಬೇಕಲ್ಲ! "ಎಂತ, ನಮ್ಮ ಮನೆ ಇಷ್ಟ ಆಗಲಿಲ್ವಾ? ನೀವು ಬೆಲ್ಲ ಮುಟ್ಟಲೇ ಇಲ್ಲ."

ಅಕ್ಕನ ಮುಖ ಸಣ್ಣದಾಯಿತು. "ಹಾಗಲ್ಲ ಅಮ್ಮ, ನನಗೆ ಸಕ್ಕರೆ ಕಾಯಿಲೆ," ಎಂದುಬಿಟ್ಟೆ.

"ಅಷ್ಟೆಯಾ! ನನಗೂ ಉಂಟು ಮಾರಾಯ್ತಿ. ನಿಮಗೆ ಹೇಳಬಾರದು ಅಂತ ಮಗ ಬೆಳಿಗ್ಗೆಯಿಂದ ನನ್ನ ಬಾಯಿ ಕಾಯ್ತಾ ಇದ್ದಾನೆ," ಎಂದು ಅಜ್ಜಿ ನಕ್ಕು ಒಳಗೆ ಕೂಗಿದರು, "ಎರಡು ಚಾಕ್ಕೆ ಸಕ್ಕರೆ ಹಾಕಬೇಡಿ!"

ಮದುವೆ ಆಯಿತು. ಅಜ್ಜಿಯ ಕಾಯಿಲೆಯ ಸುದ್ದಿ ನಮ್ಮ ಊರು ಕಾರ್ಕಳದಲ್ಲಿ ಎಲ್ಲರಿಗೂ ಹೇಳಿದ್ದೇನೆ. ನನ್ನದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.