ಬರಿ ನೆಲದ ಕಾವಲು

ಪಕ್ಕದ ಮನೆಯ ಆರ್ಕಿಡ್ ಮಾಮನಿಗೆ ತಮ್ಮ ಆರ್ಕಿಡ್ ಗಿಡದ ಬಗ್ಗೆ ಹೆದರುವುದಕ್ಕೆ ವರ್ಷದ ಹನ್ನೆರಡು ತಿಂಗಳೂ ಸಾಲವು. ಇದು ಚಳಿಗೂ ಜಗ್ಗದ ಜಾತಿ, ಹಿತ್ತಲ ನೆಲದಲ್ಲೇ ಬೆಳೆಯುತ್ತದೆ ಎಂದು ಗಿಡ ಮಾರಿದವನು ಆಣೆ ಮಾಡಿ ಹೇಳಿದ್ದರೂ ಅವರಿಗೆ ನಂಬಿಕೆಯಿಲ್ಲ. ಚಿಗುರು ಕಂಡ ದಿನದಿಂದ ಚಿಮಟ ಹಿಡಿದು ಬಸವನಹುಳುವಿನ ದಾರಿ ಕಾಯುತ್ತಾರೆ. ಬಿಸಿಲೇರಿದರೆ ಕೊಡೆಯನ್ನು ಗಿಡಕ್ಕೆ ಹಿಡಿದು ತಾವು ಬೆವರುತ್ತಾರೆ. ಮಳೆ ಹಿಡಿಯಿತೋ, "ಬೇರು ಕೊಳೀತು ಅಂತ ಕಾಣುತ್ತೆ" ಎಂದು ಅರ್ಧ ಊಟಕ್ಕೇ ಏಳುತ್ತಾರೆ. ಚಳಿಗಾಲದಲ್ಲಂತೂ ಅವರ ಜೀವ ಬಾಯಿಗೆ ಬಂದಿರುತ್ತದೆ. ಆಗ ಗಿಡ ಪೂರ್ತಿ ಒಣಗಿಹೋಗಿ, ಮೊಳಕೆಯೊಂದು ಮಾತ್ರ ಮಣ್ಣಿನೊಳಗೆ ಮಲಗಿರುತ್ತದೆ. ಮಾಮ ಅದರ ಮೇಲೆ ತರಗೆಲೆ ಹೊದಿಸಿ, ಗುರುತಿಗೆ ಕಡ್ಡಿ ನೆಟ್ಟು, ಆ ಬರಿ ನೆಲದ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. "ಸ್ವಲ್ಪ ಕೆದಕಿ ನೋಡಬಾರದಾ ಮಾಮ?" ಎಂದು ಒಮ್ಮೆ ಕೇಳಿದೆ. "ಒಂದ್ಸಲ ನೋಡಿದ್ದೆ ಕಣಮ್ಮ. ಬದುಕಿತ್ತು. ನನ್ನ ಬೆರಳು ತಾಗಿ ಮುರೀತು" ಎಂದರು. ಮೊನ್ನೆ ಮಧ್ಯಾಹ್ನ ಪಾತ್ರೆಯೊಂದನ್ನು ಹಿಂತಿರುಗಿಸಲು ಹೋದಾಗ ಅವರು ಮಲಗುವ ಕೋಣೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಒಳಗೆ, ಹೃದಯದ ಆಪರೇಷನ್ ಮುಗಿಸಿ ಬಂದ ಅವರ ಹೆಂಡತಿ, ನಮ್ಮ ಬಾಯಲ್ಲಿ ಅತ್ತೆ, ಕುತ್ತಿಗೆವರೆಗೂ ಹೊದ್ದು ಮಲಗಿದ್ದರು. ಮಾಮ ಮುಟ್ಟಲಿಲ್ಲ, ಕರೆಯಲೂ ಇಲ್ಲ; ಹೊದಿಕೆ ಏರಿಳಿಯುತ್ತದೆಯೇ ಎಂದಷ್ಟೇ ನೋಡುತ್ತಿದ್ದರು. "ಇದ್ದೀನಿ. ಹೋಗಿ ಗಿಡ ನೋಡ್ಕೊಳ್ಳಿ" ಎಂದರು ಅತ್ತೆ, ಕಣ್ಣು ತೆರೆಯದೆ. "ಹೂಂ" ಎಂದರು ಮಾಮ. ಹಿತ್ತಲಿನ ಸ್ಟೂಲ್ ಆಗಲೇ ಆ ಬಾಗಿಲಿಗೆ ಬಂದಾಗಿತ್ತು.