ಲೂಡಿ ಹ್ರೂಸ್ಕಾ ಮತ್ತು ನಾಲ್ಕು ಎಂಬತ್ತಾರರ ಚೀಟಿ

ಹತ್ತೊಂಬತ್ತು ವರ್ಷ ಇನ್ನೊಬ್ಬನ ಹೆಸರಿನಲ್ಲಿ ದುಡಿದವರ ಹೊಟ್ಟೆಯಲ್ಲಿ ಏನು ಕುದಿಯುತ್ತಿರುತ್ತದೆ ಎಂದು ತಿಳಿಯಬೇಕಾದರೆ ಆ ವರ್ಷ ಲೂಡಿ ಹ್ರೂಸ್ಕಾಳ ಮುಖ ನೋಡಬೇಕಿತ್ತು. ಒಹಾಯೊದ ನಮ್ಮ ವೆಲ್ಡನ್ ಊರಿನಲ್ಲಿ ಡೆನ್ಜಿಲ್ ಪ್ರೂಯಿಟ್ ಎಂಬವನ ಗ್ಯಾರೇಜಿತ್ತು. ಹಳೆಯ ಜೋರಿನ ಕಾರುಗಳಿಗೆ ಹಿಂದಿನ ಚಕ್ರಗಳ ನಡುವಿನ ಆಕ್ಸಲಿನ ಗೇರು ಕೂರಿಸುವುದು ಅಲ್ಲಿನ ಕೆಲಸ. ಕೂರಿಸುವವಳು ಲೂಡಿ, ಹೊಗಳಿಸಿಕೊಳ್ಳುವವನು ಪ್ರೂಯಿಟ್.

ಗೇರಿನ ಲೆಕ್ಕ ಇಷ್ಟೇ: ಚಕ್ರ ಒಂದು ಸುತ್ತು ಬರಲು ಇಂಜಿನ್ ಕಡೆಯಿಂದ ಬರುವ ಶಾಫ್ಟು ಎಷ್ಟು ಸುತ್ತು ತಿರುಗಬೇಕು? ಮೂರು ಸುತ್ತಾದರೆ ಕಾರು ಹೊರಡುವಾಗ ಸೋಮಾರಿ, ಹೆದ್ದಾರಿಯಲ್ಲಿ ಹಾಯಾಗಿರುತ್ತದೆ. ಐದರ ಹತ್ತಿರ ಹೋದರೆ ಹೊರಡುವಾಗ ಹುಲಿ, ಆಮೇಲೆ ಏದುಸಿರು. ಎಲ್ಲರಿಗೂ ಬೇಕಾದದ್ದು ದೊಡ್ಡ ಅಂಕಿಯೇ, ಜಂಬ ಕೊಚ್ಚಿಕೊಳ್ಳೋಕೆ. ಯಾವ ಕಾರಿಗೆ ಯಾವ ಅಂಕಿ ಎಂದು ಆರಿಸುವುದಿದೆಯಲ್ಲ, ಅದೇ ವಿದ್ಯೆ, ಮತ್ತು ಆ ವಿದ್ಯೆ ಇದ್ದದ್ದು ಲೂಡಿಯ ತಲೆಯಲ್ಲಿ.

ದನದ ಮೇವಿನ ಅಂಗಡಿಯ ಆರ್ಲೋ ಬೆಕ್ ತನ್ನ ಅರವತ್ತೊಂಬತ್ತನೇ ಇಸವಿಯ ಪ್ಲಿಮತ್ ಕಾರು ತಂದಾಗಲೂ ಹಾಗೇ ಆಯಿತು.

“ನಿಮ್ಮ ಅತ್ತೆ ಮನೆ ಎಷ್ಟು ದೂರ?” ಎಂದಳು ಲೂಡಿ, ಕೈ ಒರೆಸಿಕೊಳ್ಳುತ್ತ.

“ನೂರೆಂಬತ್ತು ಮೈಲಿ. ಯಾಕಮ್ಮಾ?”

“ಹೆಂಡ್ತೀನ ಇದ್ರಲ್ಲೇ ಕರ್ಕೊಂಡ್ ಹೋಗ್ತೀರಾ?”

“ಮತ್ತಿನ್ನೇನು, ಹೊತ್ಕೊಂಡ್ ಹೋಗ್ಲಾ?”

ಲೂಡಿ ಒಳಗೆ ಹೋಗಿ ಪ್ರೂಯಿಟ್‌ನ ಕಿವಿಯಲ್ಲಿ ಅಂಕಿ ಹೇಳಿದಳು. ಆ ಮಹಾಶಯ ಹೊರಗೆ ಬಂದ, ಕಾರಿನ ಸುತ್ತ ಒಂದು ಸುತ್ತು ಹಾಕಿದ, ಗಲ್ಲ ಸವರಿಕೊಂಡು “ಮೂರು ಇಪ್ಪತ್ತಮೂರು” ಎಂದು ನುಡಿದ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನದು ಮೂರೂಕಾಲಿಗೆ ಒಂಚೂರು ಕಮ್ಮಿ ಸುತ್ತು. ಆರ್ಲೋ ತಲೆದೂಗಿದ. ಥೂ! ಹತ್ತೊಂಬತ್ತು ವರ್ಷ ಇದೇ ನಾಟಕ.

ಕೊನೆಗೆ ಗೋಡೆಯ ಮೇಲೆ ಪ್ರೂಯಿಟ್ ಆಳೆತ್ತರದ ಅಕ್ಷರದಲ್ಲಿ ‘ನಿಮ್ಮ ಗೇರು, ಪ್ರೂಯಿಟ್‌ನ ಆಯ್ಕೆ’ ಎಂದು ಬರೆಸಿದ ದಿನ ಲೂಡಿ ಬಾಯಿ ಬಿಟ್ಟಳು. “ಕೆಳಗೆ ಒಂದು ಮೂಲೇಲಿ ನನ್ನ ಹೆಸರೂ ಬರೆಸು.”

“ಬೋಲ್ಟ್ ಬಿಗಿಸೋರ ಹೆಸರೆಲ್ಲ ಬರೆಸ್ತಾ ಕೂತ್ರೆ ಗೋಡೆ ಸಾಲುತ್ತೇನೇ?” ಎಂದು ಪ್ರೂಯಿಟ್ ಗಿರಾಕಿಗಳ ಮುಂದೆಯೇ ನಕ್ಕ. ಅವಳು ಅಲ್ಲೇ ತಿರುಗಿ ಬೈದಳು, ಅವನು ಅಲ್ಲೇ ಕೆಲಸದಿಂದ ಕಿತ್ತುಹಾಕಿದ. ಅಷ್ಟಕ್ಕೇ ಬಿಟ್ಟನೇ? ಇಲ್ಲ. ಅವಳು ಗೇರು ಹಾಳು ಮಾಡುತ್ತಿದ್ದಳು, ತಾನೇ ಕೂತು ಸರಿ ಮಾಡುತ್ತಿದ್ದೆ ಎಂದು ಊರೆಲ್ಲ ಹೇಳಿಕೊಂಡು ಬಂದ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ.

ಲೂಡಿ ಮನೆಯ ಹಿಂದಿನ ಶೆಡ್ಡಿನಲ್ಲಿ ಅಂಗಡಿ ತೆರೆದಳು. ನಾಲ್ಕು ತಿಂಗಳಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ. ಅವಳು ಅಳಲಿಲ್ಲ, ಹಲ್ಲು ಮಸೆದಳು. ಆಲಿಕಲ್ಲಿಗೆ ಸಿಕ್ಕಿ ಮೈಯೆಲ್ಲ ತಗ್ಗಾಗಿದ್ದ ಪ್ಲಿಮತ್ ಒಂದನ್ನು ಕೊಂಡು ತಂದಳು. ಅದೇ ಅರವತ್ತೊಂಬತ್ತರ ಗಾಡಿ, ಆರ್ಲೋನ ಕಾರಿನದೇ ಇಂಜಿನ್, ಅದೇ ಅಳತೆಯ ಟೈರು. ಆಮೇಲೆ ಊರಾಚೆ ಕಾರಿನ ಪಂದ್ಯ ನಡೆಯುವ ನೇರ ರಸ್ತೆಯ ಟಿಕೆಟ್ ಕಿಟಕಿಯ ಪಕ್ಕ ಕಾಗದ ಅಂಟಿಸಿದಳು: ‘ಪ್ರೂಯಿಟ್‌ಗೆ ಸವಾಲು. ಎರಡೂ ಒಂದೇ ಕಾರು. ಗೇರು ಅವರವರ ಆಯ್ಕೆ. ಭಾನುವಾರ, ಕಾಲು ಮೈಲಿ.’

ಪ್ರೂಯಿಟ್ ಅವಳ ಮನೆಯ ಬಾಗಿಲಿಗೇ ಬಂದ. “ಆರ್ಲೋ ಕಾರನ್ನ ನಾನೇ ಓಡಿಸ್ತೀನಿ. ಸೋತ್ರೆ ಶೆಡ್ಡಿಗೆ ಬೀಗ ಜಡಿದು ಊರು ಬಿಡ್ತೀಯಾ?”

“ಬಿಡ್ತೀನಿ. ನೀನು ಸೋತ್ರೆ?”

“ನಾನಾ? ನಿನ್ ಕೈಲಾ?” ಎಂದು ನಗುತ್ತ ಹೋದ.

ನಗಲಿ ಎಂದುಕೊಂಡಳು ಲೂಡಿ. ಅವನ ಹಣೆಬರಹ ಅವಳಿಗೆ ಗೊತ್ತಿತ್ತು. ಸ್ವಂತ ಬುದ್ಧಿಯಿಂದ ಅವನು ಒಂದು ಗೇರನ್ನೂ ಆರಿಸಿದವನಲ್ಲ. ಅವಳು ರಜೆಯಲ್ಲಿದ್ದ ದಿನ ಬೇರೆಯವರ ಕಾರಿನ ಅಡಿಗೆ ನುಸುಳಿ, ಆಕ್ಸಲಿನ ಬೋಲ್ಟಿಗೆ ಸಿಕ್ಕಿಸಿರುವ ತಗಡಿನ ಚೀಟಿಯಲ್ಲಿ ಅಂಕಿ ಓದಿಕೊಂಡು ಬರುತ್ತಿದ್ದ. ಕಾರೆತ್ತಿ, ಚಕ್ರ ತಿರುಗಿಸಿ, ಶಾಫ್ಟಿನ ಸುತ್ತು ಎಣಿಸಿದರೆ ನಿಜ ತಿಳಿಯುತ್ತದೆ. ಆದರೆ ಅಷ್ಟು ಮೈ ಬಗ್ಗಿಸುವವನಲ್ಲ ಅವನು.

ಅವಳು ಆಕ್ಸಲಿಗೆ ಹಾಕಿದ್ದು ಮೂರು ತೊಂಬತ್ತೊಂದರ ಗೇರು. ಬೋಲ್ಟಿಗೆ ಸಿಕ್ಕಿಸಿದ್ದು ನಾಲ್ಕು ಎಂಬತ್ತಾರರ ಚೀಟಿ.

ಶುಕ್ರವಾರ ಚರ್ಚಿನಲ್ಲಿ ಮೀನಿನ ಊಟ. ಲೂಡಿ ಕಾರನ್ನು ಇಳಿಜಾರಿನಲ್ಲಿ, ಬಾಲ ಮೇಲಾಗುವಂತೆ ನಿಲ್ಲಿಸಿ, ಒಳಗೆ ಕಿಟಕಿಯ ಪಕ್ಕ ತಟ್ಟೆ ಹಿಡಿದು ಕೂತಳು. ಎರಡನೇ ಮೀನು ಮುಗಿಯುವಷ್ಟರಲ್ಲಿ ಪ್ರೂಯಿಟ್ ಬಂದ. ಅತ್ತಿತ್ತ ನೋಡಿದ, ಬೂಟಿನ ದಾರ ಕಟ್ಟುವವನಂತೆ ಬಗ್ಗಿದ, ಸರಕ್ಕನೆ ಕಾರಿನಡಿಗೆ ಹೋದ. ಅವನ ದಪ್ಪ ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಲೂಡಿ ಎದ್ದು ಇನ್ನೊಂದು ಮೀನು ಹಾಕಿಸಿಕೊಂಡಳು. ನಾಲ್ಕು ತಿಂಗಳಲ್ಲಿ ಊಟ ರುಚಿಸಿದ್ದು ಅವತ್ತೇ.

ಶನಿವಾರ ಪ್ರೂಯಿಟ್ ಆರ್ಲೋನ ಕಾರಿಗೂ ನಾಲ್ಕು ಎಂಬತ್ತಾರರ ಗೇರನ್ನೇ ಹಾಕಿದ. ಭಾನುವಾರ ಊರಿಗೆ ಊರೇ ಸೇರಿತ್ತು. ಹಸಿರು ದೀಪ ಹತ್ತಿದ್ದೇ ತಡ, ಪ್ರೂಯಿಟ್ ಎರಡು ಕಾರಿನುದ್ದ ಮುಂದಕ್ಕೆ ಚಿಮ್ಮಿದ. ಜನ ಹೋ ಎಂದರು. ಸೋತರೆ ಮನೆಯೂ ಇಲ್ಲ, ಊರೂ ಇಲ್ಲ. ಲೂಡಿ ಹಲ್ಲು ಕಚ್ಚಿ ಕಾಲು ಒತ್ತಿದಳು. ಅರ್ಧ ದಾರಿ ದಾಟುತ್ತಿದ್ದಂತೆ ಅವನ ಇಂಜಿನ್ ಕಿರುಚತೊಡಗಿತು. ಕಿರುಚಿತೇ ಹೊರತು ವೇಗ ಏರಲಿಲ್ಲ. ಇವಳ ಕಾರು ಒಂದೇ ಸಮನೆ ಎಳೆಯುತ್ತ ಹೋಯಿತು. ಅವನನ್ನು ದಾಟುವಾಗ ರಸ್ತೆ ನೋಡಬೇಕಾದವಳು ಬೇಕೆಂದೇ ಪಕ್ಕಕ್ಕೆ ತಿರುಗಿ ಅವನ ಮುಖ ನೋಡಿದಳು. ಅವನ ಬಾಯಿ ತೆರೆದೇ ಇತ್ತು. ಕೊನೆಯ ಗೆರೆ ಮೊದಲು ಮುಟ್ಟಿದ್ದು ಅವಳೇ.

ಕಾರಿನಿಂದ ಇಳಿದವನೇ ಪ್ರೂಯಿಟ್ ಎಲ್ಲರ ಮುಂದೆ ಕೂಗಾಡಿದ. “ಮೋಸ! ಇವಳ ಕಾರಲ್ಲಿ ನಾಲ್ಕು ಎಂಬತ್ತಾರು ಇರ್ಬೇಕಿತ್ತು!”

“ಇರ್ಬೇಕಿತ್ತು ಅಂತ ನಿಂಗ್ ಹೆಂಗ್ ಗೊತ್ತು?” ಎಂದ ಆರ್ಲೋ.

“ಚೀಟೀಲಿ ಹಂಗೇ ಇತ್ತಲ್ರೀ!”

ಬಾಯಿಬಿಟ್ಟರೆ ಬಣ್ಣಗೇಡು ಎನ್ನುವುದು ಸುಮ್ಮನೆಯೇ? ಆಗ ಎದ್ದ ನಗು ಆಚೆಯ ಜೋಳದ ಹೊಲದವರೆಗೂ ಕೇಳಿತು.

ಲೂಡಿ ನಗಲಿಲ್ಲ. ಜಾಕ್ ತಂದು ಕಾರಿನ ಹಿಂಭಾಗ ಎತ್ತಿದಳು, ಎರಡು ಕಡೆ ಸ್ಟ್ಯಾಂಡ್ ಕೊಟ್ಟಳು, ಶಾಫ್ಟಿನ ಮೇಲೆ ಸೀಮೆಸುಣ್ಣದ ಗೀಟು ಎಳೆದಳು. “ಮೋಸ ಅಂದ್ಯಲ್ಲ, ಮಲ್ಕೊಂಡು ಎಣ್ಸು. ಅಡಿಗೆ ಹೋಗೋದು ನಿಂಗೇನು ಹೊಸದಾ?”

ಸುತ್ತ ನಿಂತವರು ಜಾಗ ಬಿಡಲಿಲ್ಲ. ಪ್ರೂಯಿಟ್ ಅಂಗಾತ ಮಲಗಿ ಒಳಗೆ ಜರುಗಿದ. ಲೂಡಿ ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು.

“ಎಷ್ಟು?”

“ನಾಲ್ಕಕ್ಕೆ ಒಂಚೂರು ಕಮ್ಮಿ,” ಎಂದಿತು ಕಾರಿನಡಿಯ ದನಿ.

ಆರ್ಲೋ ಮಂಡಿಯೂರಿ ಕೂತ. ಅವನ ಮುಖದಲ್ಲಿ ಈಗ ನಗುವಿರಲಿಲ್ಲ. “ಡೆನ್ಜಿಲ್, ಒಂದು ಮಾತು. ನನ್ನ ಕಾರಿಗೆ ಮೊದ್ಲು ಮೂರು ಇಪ್ಪತ್ತಮೂರು ಹಾಕಿದ್ರಲ್ಲ, ಅದನ್ನ ಆರ್ಸಿದ್ದು ಯಾರು?”

ಪ್ರೂಯಿಟ್ ಪಕ್ಕಕ್ಕೆ ಹೊರಳಿ ನೋಡಿದ. ಹೊರಗೆ ಬರೋಣವೆಂದರೆ ನಾಲ್ಕು ದಿಕ್ಕಿಗೂ ಬೂಟುಗಾಲುಗಳು.

“ಯಾರು ಅಂದೆ.”

“ಅವಳು.”

“ಹಿಂದಿನವ್ರಿಗೂ ಕೇಳ್ಬೇಕು,” ಎಂದಳು ಲೂಡಿ.

“ಅವಳು!”

ಗುಂಪಿನಿಂದ ಇನ್ನೊಬ್ಬ ಮುಂದೆ ಬಂದು ಬಗ್ಗಿದ. “ಮತ್ತೆ ನನ್ನ ಡಾಡ್ಜ್‌ಗೆ?”

“ಅವಳು.”

“ನಮ್ಮಣ್ಣನ ಫೋರ್ಡಿಗೆ?”

“ಅವಳೇ.”

ಒಬ್ಬರ ಹಿಂದೆ ಒಬ್ಬರು ಸಾಲುಗಟ್ಟಿದರು. ಎದ್ದು ಬಾ ಎಂದು ಲೂಡಿ ಹೇಳಲಿಲ್ಲ. ಚಕ್ರಕ್ಕೆ ಬೆನ್ನು ಕೊಟ್ಟು ಕೂತು, ಇನ್ನೂ ಎಷ್ಟು ಜನ ಕೇಳುವವರಿದ್ದಾರೆ ಎಂದು ನೋಡುತ್ತಿದ್ದಳು.